‘ಕರ್ರಿ’ ನಮ್ಮ ಪದವೇ? ಅದರ ಹಳೆಯ ರೂಪದ ಕೊನೆಯ ‘ಲ್’ ಎಲ್ಲಿಂದ ಬಂತು?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನನ್ನ ಊರು ತೀರ್ಥಹಳ್ಳಿ. ಹದಿನಾಲ್ಕು ವರ್ಷಗಳಿಂದ ಬರ್ಮಿಂಗ್‌ಹ್ಯಾಮಿನಲ್ಲಿದ್ದೇನೆ. ಇಲ್ಲಿನ ಕೆಲವು ಕನ್ನಡ ಕುಟುಂಬಗಳು ಸೇರಿ ಪ್ರತಿ ಯುಗಾದಿಗೆ ಊಟ ಹಾಕುತ್ತೇವೆ. ಈ ಸಲ ಬೀದಿಯ ನೆರೆಹೊರೆಯವರನ್ನೂ ಕರೆದಿದ್ದೇವೆ. ಪಾತ್ರೆಗಳ ಮುಂದೆ ಇಂಗ್ಲಿಷಿನಲ್ಲಿ ಹೆಸರಿನ ಚೀಟಿ ಬರೆದಿಡುವ ಕೆಲಸ ನನ್ನ ಪಾಲಿನದು.

ಹೋದ ವರ್ಷದ ಚೀಟಿಗಳನ್ನು ತೆಗೆದು ನೋಡಿದಾಗ ಮನಸ್ಸಿಗೆ ಕಸಿವಿಸಿಯಾಯಿತು. ಹುಳಿಗೆ ತರಕಾರಿ ಕರ್ರಿ, ಹುರುಳಿಕಾಯಿ ಪಲ್ಯಕ್ಕೆ ಒಣ ಕರ್ರಿ, ಮಜ್ಜಿಗೆಹುಳಿಗೆ ಮೊಸರು ಕರ್ರಿ, ಅನಾನಸ್ ಗೊಜ್ಜಿಗೆ ಸಿಹಿ ಕರ್ರಿ ಎಂದು ಬರೆದಿದ್ದೆವು. ಮನೆಯಲ್ಲಿ ಯಾರೂ ಒಂದಕ್ಕೊಂದು ಹೋಲಿಕೆಯಿದೆ ಎಂದುಕೊಳ್ಳದ ನಾಲ್ಕು ಅಡುಗೆಗಳು ಚೀಟಿಯಲ್ಲಿ ಒಂದೇ ಆಗಿಬಿಟ್ಟಿದ್ದವು.

ಮೊನ್ನೆ ಪಕ್ಕದ ಮನೆಯ ಹಿರಿಯರು, ‘ಕರ್ರಿ ಎಂದರೆ ನಿಮ್ಮ ಭಾಷೆಯಲ್ಲಿ ಏನರ್ಥ?’ ಎಂದು ಕೇಳಿದರು. ನಮ್ಮಲ್ಲಿ ‘ಕರಿ’ ಎಂದರೆ ಕಪ್ಪು, ಎಣ್ಣೆಯಲ್ಲಿ ಕರಿಯುವುದು, ಹಳೆಯ ಕಾವ್ಯಗಳಲ್ಲಿ ಆನೆ. ಊಟದ ಎಲೆಯ ಮೇಲೆ ಬಡಿಸುವ ಯಾವುದಕ್ಕೂ ನನ್ನ ಮನೆಯಲ್ಲಿ ಆ ಹೆಸರಿಲ್ಲ. ಆದರೂ ಇದು ದಕ್ಷಿಣ ಭಾರತದ ಪದ ಎಂದು ಎಲ್ಲೆಡೆ ಓದುತ್ತೇನೆ. ತಿಳಿದವರು ದಯವಿಟ್ಟು ವಿವರಿಸಿ. ಗೊಂದಲ ಬೇಡವೆಂದು ಇಂಗ್ಲಿಷ್ ಪದವನ್ನು ‘ಕರ್ರಿ’ ಎಂದೂ ನಮ್ಮ ಭಾಷೆಗಳ ಪದವನ್ನು ‘ಕರಿ’ ಎಂದೂ ಬರೆಯುತ್ತೇನೆ.

ಸಾರಿನಪುಡಿ

ಅಕ್ಕ, ಇದು ಇಂಗ್ಲಿಷಿನದೇ ಪದ ಎಂದು ನಾನು ಓದಿದ್ದೇನೆ. ಎರಡನೆಯ ರಿಚರ್ಡ್ ದೊರೆಯ ಬಾಣಸಿಗರು 1390ರ ಸುಮಾರಿಗೆ ಬರೆದಿಟ್ಟ ಪಾಕಶಾಸ್ತ್ರದ ಹೆಸರು ‘ಫಾರ್ಮ್ ಆಫ್ ಕ್ಯೂರಿ’. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಅದಕ್ಕಿಂತ ನೂರು ವರ್ಷ ಮೊದಲೇ ಅವರಲ್ಲಿ ಪದ ಇತ್ತು ಎಂದಾಯಿತಲ್ಲ?

ಹಳೆಹೊತ್ತಗೆ

ಸಾರಿನಪುಡಿಯವರೇ, ಆ ಗ್ರಂಥ ಇರುವುದು ನಿಜ, ಕಾಲವೂ ಸರಿ. ಆದರೆ ಅಲ್ಲಿನ ‘ಕ್ಯೂರಿ’ ಎಂದರೆ ಅಡುಗೆ ಮಾಡುವ ಕೆಲಸ. ಬೇಯಿಸು ಎಂಬ ಅರ್ಥದ ಫ್ರೆಂಚ್ ಪದದ ಕಡೆಯಿಂದ ಬಂದದ್ದು. ‘ಫಾರ್ಮ್ ಆಫ್ ಕ್ಯೂರಿ’ ಎಂದರೆ ‘ಅಡುಗೆಯ ವಿಧಾನ’ ಎಂದಷ್ಟೇ. ಅನ್ನದ ಜೊತೆಗಿನ ಮಸಾಲೆಯ ಪದಾರ್ಥಕ್ಕೂ ಅದಕ್ಕೂ ನಂಟಿಲ್ಲ. ಎರಡು ಪದಗಳ ಧ್ವನಿ ಹೋಲುತ್ತದೆ ಎಂಬುದೊಂದೇ ಕಾರಣಕ್ಕೆ ಅವು ಬಂಧುಗಳಾಗುವುದಿಲ್ಲ.

ನಮ್ಮ ಊಟದ ‘ಕರ್ರಿ’ ಇಂಗ್ಲಿಷಿಗೆ ಹೋದ ದಾರಿಯನ್ನು ಬರಹಗಳಲ್ಲೇ ಹಿಂಬಾಲಿಸಬಹುದು. ಆ ದಾರಿ ಗೋವೆಯ ಮೂಲಕ ಸಾಗುತ್ತದೆ. ಗಾರ್ಸಿಯಾ ದ ಓರ್ಟಾ ಎಂಬ ಪೋರ್ಚುಗೀಸ್ ವೈದ್ಯ 1563ರಲ್ಲಿ ಗೋವೆಯಲ್ಲೇ ಅಚ್ಚು ಹಾಕಿಸಿದ ಔಷಧಿಗಳ ಗ್ರಂಥದಲ್ಲಿ, ಕೋಳಿ ಮತ್ತು ಮಾಂಸದಿಂದ ಇಲ್ಲಿಯ ಜನ ಮಾಡುವ ಪದಾರ್ಥಕ್ಕೆ ‘ಕರಿಲ್’ ಎನ್ನುತ್ತಾರೆ ಎಂದು ಬರೆಯುತ್ತಾನೆ. ಅಲ್ಲಿಂದ ಇಪ್ಪತ್ತು ವರ್ಷಗಳ ಮೇಲೆ ಲಿನ್‌ಸ್ಕೋಟನ್ ಎಂಬ ಡಚ್ ಯುವಕ ಗೋವೆಯ ಆರ್ಚ್‌ಬಿಷಪ್ಪರ ಕಾರಕೂನನಾಗಿ ಬಂದ. ಅವನ ಪ್ರವಾಸ ಕಥನ 1596ರಲ್ಲಿ ಡಚ್ ಭಾಷೆಯಲ್ಲೂ 1598ರಲ್ಲಿ ಇಂಗ್ಲಿಷಿನಲ್ಲೂ ಬಂತು. ಇಲ್ಲಿಯವರು ಮೀನನ್ನು ಹೆಚ್ಚಾಗಿ ಅನ್ನದ ಜೊತೆ ತಿನ್ನುತ್ತಾರೆ, ಮೀನು ಬೇಯಿಸಿದ ರಸವನ್ನು ಅನ್ನದ ಮೇಲೆ ಸುರಿದುಕೊಳ್ಳುತ್ತಾರೆ, ಕಾಯಿ ದ್ರಾಕ್ಷಿಯಲ್ಲಿ ಬೇಯಿಸಿದಂತೆ ತುಸು ಹುಳಿಯಾಗಿರುತ್ತದೆ, ಆದರೂ ರುಚಿಯಾಗಿದೆ, ಅದಕ್ಕೆ ‘ಕ್ಯಾರಿಯೆಲ್’ ಎನ್ನುತ್ತಾರೆ, ಅದೇ ಅವರ ದಿನನಿತ್ಯದ ಊಟ ಎಂಬುದು ಅವನ ಮಾತಿನ ಸಾರ. ಇಂಗ್ಲಿಷ್ ಓದುಗರು ಈ ಪದವನ್ನು ಅಚ್ಚಿನಲ್ಲಿ ಕಂಡದ್ದು ಆಗ, ಕೊನೆಯಲ್ಲಿ ಒಂದು ‘ಲ್’ ಇಟ್ಟುಕೊಂಡೇ.

ಇನ್ನೊಬ್ಬ ಸಾಕ್ಷಿಯನ್ನು ನಾವು ಮರೆಯಬಾರದು. ರೋಮಿನ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಗೋವೆಯಿಂದ ಹೊನ್ನಾವರಕ್ಕೆ ಬಂದು, ಗೇರುಸೊಪ್ಪೆಯ ಘಟ್ಟ ಹತ್ತಿ, ಇಕ್ಕೇರಿಯಲ್ಲಿ ವೆಂಕಟಪ್ಪ ನಾಯಕನ ಆಸ್ಥಾನ ಕಂಡವನು. ಅವನು ‘ಕರಿಲ್’ ಅನ್ನು ಬಣ್ಣಿಸುವ ಬಗೆ ನೋಡಿ: ಬೆಣ್ಣೆ, ತೆಂಗಿನಕಾಯಿಯ ತಿರುಳು, ಏಲಕ್ಕಿ ಶುಂಠಿಯೂ ಸೇರಿದ ಬಗೆಬಗೆಯ ಸಂಬಾರ, ತರಕಾರಿ, ಹಣ್ಣು. ಎಲ್ಲವನ್ನೂ ತಿನ್ನುವ ಕ್ರೈಸ್ತರಾದರೆ ಮಾಂಸ, ಮೀನು, ಕೆಲವೊಮ್ಮೆ ಮೊಟ್ಟೆ ಕೂಡ. ಇವೆಲ್ಲ ಸೇರಿದ ರಸವನ್ನು, ಬರೀ ನೀರು ಉಪ್ಪಿನಲ್ಲಿ ಬೇಯಿಸಿದ ಅನ್ನದ ಮೇಲೆ ಧಾರಾಳವಾಗಿ ಸುರಿಯುತ್ತಾರಂತೆ. ತನ್ನ ಊರಿನಲ್ಲಾದರೆ ತೆಂಗಿನ ಬದಲು ಬಾದಾಮಿಯ ಹಾಲು ಬಳಸಬಹುದು ಎಂದೂ ಸೂಚಿಸುತ್ತಾನೆ. ಅಡುಗೆಯನ್ನು ಇಷ್ಟು ಅಕ್ಕರೆಯಿಂದ ನೋಡಿದ ಪ್ರವಾಸಿಗಳು ಕಡಿಮೆ.

ಈಗ ನನ್ನ ವಾದ. ಯೂಲ್ ಮತ್ತು ಬರ್ನೆಲ್ ಸೇರಿ ಸಿದ್ಧಪಡಿಸಿ 1886ರಲ್ಲಿ ಹೊರಬಂದ, ಭಾರತದ ಇಂಗ್ಲಿಷರ ಮಾತಿನಲ್ಲಿ ಸೇರಿದ ಪದಗಳ ‘ಹಾಬ್ಸನ್-ಜಾಬ್ಸನ್’ ಕೋಶ, ಮೂಲ ಪದ ತಮಿಳಿನ ‘ಕರಿ’ ಎಂದು ಹೇಳಿ, ಪೋರ್ಚುಗೀಸರು ಎತ್ತಿಕೊಂಡದ್ದು ಮಾತ್ರ ಕನ್ನಡದ ‘ಕರಿಲ್’ ಎಂಬ ರೂಪವನ್ನು ಎನ್ನುತ್ತದೆ. ಬರ್ನೆಲ್ ಮಂಗಳೂರಿನಲ್ಲಿ ಅಧಿಕಾರಿಯಾಗಿದ್ದವರು, ತುಳುನಾಡಿನ ಭೂತಾರಾಧನೆಯನ್ನು ದಾಖಲಿಸಿದವರು, ನಮ್ಮ ಭಾಷೆಗಳ ವ್ಯತ್ಯಾಸ ಬಲ್ಲವರು. ಹಾಗಾಗಿ ಆ ‘ಲ್’ ನಮ್ಮದೇ ಎಂದು ನಾನು ನಂಬುತ್ತೇನೆ.

ಕಡಲತಡಿ

ಹಳೆಹೊತ್ತಗೆಯವರೇ, ಆ ಡಚ್ ಯುವಕನ ಮಾತು ಓದಿ ಮೈ ಜುಮ್ಮೆಂದಿತು. ನಾನು ಕುಮಟೆಯವನು. ‘ಕಾಯಿ ದ್ರಾಕ್ಷಿಯಲ್ಲಿ ಬೇಯಿಸಿದಂತೆ ಹುಳಿ’ ಎಂದರೆ ಏನೆಂದು ನಮ್ಮ ಕರಾವಳಿಯ ಯಾವ ಮನೆಯಲ್ಲಿ ಕೇಳಿದರೂ ಹೇಳುತ್ತಾರೆ. ಮುರುಗಲು ಇರಬೇಕು, ಇಲ್ಲವೇ ಅಮಟೆಕಾಯಿ. ಮಳೆಗಾಲಕ್ಕೆಂದು ಒಣಗಿಸಿಟ್ಟ ವಾಟೆಹುಳಿಯೂ ಆಗಿರಬಹುದು. ನಮ್ಮ ತಾಯಿ ಬಂಗುಡೆಗೆ ಒಂದು ಹುಳಿ, ತಾರ್ಲೆಗೆ ಇನ್ನೊಂದು ಹುಳಿ ಎಂದು ಲೆಕ್ಕ ಇಟ್ಟುಕೊಂಡಿದ್ದರು. ನಾನೂರು ವರ್ಷಗಳ ಹಿಂದೆ ಪರದೇಶದವನೊಬ್ಬನ ನಾಲಿಗೆಗೆ ಮೊದಲು ತಾಗಿದ್ದು ಖಾರವಲ್ಲ, ಹುಳಿ ಎಂಬುದನ್ನು ಎಲ್ಲರೂ ಗಮನಿಸಬೇಕು. ಇಂದು ಹೊರದೇಶಗಳಲ್ಲಿ ಕರ್ರಿ ಎಂದರೆ ಖಾರ ಎಂದೇ ತಿಳಿಯುತ್ತಾರೆ.

ಆದರೆ ಒಂದು ಮಾತು. ನಮ್ಮ ಮನೆಯಲ್ಲಾಗಲಿ ಕೇರಿಯಲ್ಲಾಗಲಿ ‘ಕರಿಲ್’ ಎಂಬ ಪದವನ್ನು ಯಾರ ಬಾಯಲ್ಲೂ ಕೇಳಿಲ್ಲ. ನೆರೆಯ ಕೊಂಕಣಿ ಮನೆಗಳಲ್ಲಿ ಹುಮಣ, ಆಂಬಟ್, ಘಶ್ಶಿ ಎನ್ನುತ್ತಾರೆ. ಗೋವೆಯಲ್ಲಿ ಅನ್ನ ಮತ್ತು ಮೀನಿನ ಸಾರಿಗೆ ‘ಶೀತ್ ಕೊಡಿ’ ಎನ್ನುತ್ತಾರೆ. ಕರಿಲ್ ಎಲ್ಲಿ ಹೋಯಿತು?

ಟೇಜೊ ದಂಡೆ

ನಾನು ಲಿಸ್ಬನ್‌ನಲ್ಲಿ ಒಂಬತ್ತು ವರ್ಷಗಳಿಂದ ಇದ್ದೇನೆ. ಕರಿಲ್ ಎಲ್ಲಿಗೂ ಹೋಗಿಲ್ಲ, ಇಲ್ಲೇ ಇದೆ. ಇಲ್ಲಿನ ಅಂಗಡಿಗಳಲ್ಲಿ ಅರಿಶಿನ ಬಣ್ಣದ ಪುಡಿಯ ಡಬ್ಬಿಯ ಮೇಲೆ ‘ಕರೀಲ್’ ಎಂದೇ ಬರೆದಿರುತ್ತದೆ. ಮೊಜಾಂಬಿಕ್‌ನಿಂದ ಬಂದ ಸಹೋದ್ಯೋಗಿಗಳೂ ತೆಂಗಿನ ಹಾಲು ಹಾಕಿದ ಸೀಗಡಿಯ ಅಡುಗೆಗೆ ಅದೇ ಹೆಸರು ಹೇಳುತ್ತಾರೆ.

ಆದರೆ ಆ ‘ಲ್’ ಕನ್ನಡದ್ದು ಎಂಬುದಕ್ಕೆ ನನ್ನ ಸಮ್ಮತಿ ಇಲ್ಲ, ಕ್ಷಮಿಸಿ. ಪೋರ್ಚುಗೀಸ್ ಕಲಿಯುವಾಗ ಮೊದಲ ತಿಂಗಳಲ್ಲೇ ಹೇಳಿಕೊಡುವ ಒಂದು ನಿಯಮವಿದೆ. ಕೊನೆಯಲ್ಲಿ ಒತ್ತಿನ ‘ಈಲ್’ ಇರುವ ನಾಮಪದಗಳು ಬಹುವಚನದಲ್ಲಿ ಆ ‘ಲ್’ ಬಿಟ್ಟು ‘ಈಶ್’ ಆಗುತ್ತವೆ. ಆಲಿಕೆಗೆ ‘ಫುನೀಲ್’, ಹಲವು ಆಲಿಕೆಗಳಾದರೆ ‘ಫುನೀಶ್’. ಮರದ ಪೀಪಾಯಿಗೆ ‘ಬರ್ರೀಲ್’, ಹಲವಾದರೆ ‘ಬರ್ರೀಶ್’. (ಈ ಪೀಪಾಯಿ ಎಂಬ ಪದವೂ ನಮಗೆ ಪೋರ್ಚುಗೀಸರಿಂದಲೇ ಬಂದದ್ದು.) ಈಗ ನಮ್ಮ ಕರಾವಳಿಯಲ್ಲಿ ಅವರು ‘ಕರಿ’ ಎಂಬ ಪದ ಕೇಳಿದರು ಎಂದುಕೊಳ್ಳಿ. ಹಲವು ಬಗೆಯ ಕರಿಗಳನ್ನು ಅವರ ಬಾಯಿ ‘ಕರೀಶ್’ ಎಂದಿತು. ಮುಂದಿನ ತಲೆಮಾರಿನವರಿಗೆ ‘ಕರೀಶ್’ ಕೇಳಿದೊಡನೆ ಅದರ ಏಕವಚನ ‘ಕರೀಲ್’ ಇರಬೇಕು ಎನಿಸುವುದು ಸಹಜ. ‘ಲ್’ ಹುಟ್ಟಲು ಅವರ ವ್ಯಾಕರಣವೇ ಸಾಕು, ಕನ್ನಡದ ನೆರವು ಬೇಕಾಗುವುದಿಲ್ಲ.

ಇನ್ನೊಂದು ಎಚ್ಚರಿಕೆಯ ಮಾತು. ಆ ಕಾಲದ ಬರಹಗಳಲ್ಲಿ ‘ಕನ್ನಡ’ ಎಂದು ನಾವು ಓದಿಕೊಳ್ಳುವುದು ಎಷ್ಟೋ ಸಲ ಕೊಂಕಣಿ. ಗೋವೆಯ ಜನರನ್ನೂ ಅವರ ಮಾತನ್ನೂ ಪೋರ್ಚುಗೀಸರು ‘ಕನಾರಿಂ’ ಎಂದು ಕರೆಯುತ್ತಿದ್ದರು. 1579ರಲ್ಲಿ ಗೋವೆಗೆ ಬಂದ ಇಂಗ್ಲಿಷ್ ಪಾದ್ರಿ ಥಾಮಸ್ ಸ್ಟೀಫನ್ಸ್ ಬರೆದ ಕೊಂಕಣಿ ವ್ಯಾಕರಣ 1640ರಲ್ಲಿ ರಾಚೋಲಿನಲ್ಲಿ ಅಚ್ಚಾಯಿತು. ಅದರ ಶೀರ್ಷಿಕೆಯ ಅರ್ಥ ‘ಕನಾರಿಂ ಭಾಷೆಯ ವ್ಯಾಕರಣ’ ಎಂದು. ಹೆಸರು ಕಂಡು ಕನ್ನಡ ಎಂದುಕೊಂಡು ಬಿಡಿಸಿದರೆ ಒಳಗಿರುವುದು ಕೊಂಕಣಿ.

ಹಳೆಹೊತ್ತಗೆ

ಬರ್ನೆಲ್ ಅಂಥ ತಪ್ಪು ಮಾಡುವವರಲ್ಲ ಎಂದು ಮೊದಲು ಬರೆಯಹೊರಟಿದ್ದೆ. ರಾತ್ರಿ ಮತ್ತೆ ಯೋಚಿಸಿದೆ. ನಾನು ‘ಲ್’ ನಮ್ಮದು ಎಂದದ್ದು ಒಂದು ಕೋಶದ ಒಂದೇ ಸಾಲಿನ ಬಲದ ಮೇಲೆ. ಕಡಲತಡಿಯವರಂತೆ ನಾನೂ ಆ ರೂಪವನ್ನು ಊಟದ ಅರ್ಥದಲ್ಲಿ ಯಾರ ಬಾಯಲ್ಲೂ ಕೇಳಿಲ್ಲ. ಆಲಿಕೆ, ಪೀಪಾಯಿಗಳ ನಿಯಮ ಕಣ್ಣೆದುರೇ ಇದೆ, ಇಂದಿಗೂ ನಡೆಯುತ್ತಿದೆ. ಟೇಜೊ ದಂಡೆಯವರ ವಿವರಣೆ ನನ್ನದಕ್ಕಿಂತ ಗಟ್ಟಿ ಎಂದು ಒಪ್ಪುತ್ತೇನೆ. ಪದ ನಮ್ಮ ಪಶ್ಚಿಮ ಕರಾವಳಿಯಲ್ಲಿ ಹಡಗು ಹತ್ತಿತು ಎಂಬುದನ್ನಂತೂ ಬಿಟ್ಟುಕೊಡಲಾರೆ.

ಇಂಗ್ಲಿಷಿನಲ್ಲಿ ಮುಂದೆ ಆ ‘ಲ್’ ಉದುರಿತಲ್ಲ, ಅದಕ್ಕೆ ಮದರಾಸು ಕಾರಣ ಎಂದು ನನ್ನ ಅಂದಾಜು. ಹದಿನೇಳನೆಯ ಶತಮಾನದ ನಡುವಿನಿಂದ ಇಂಗ್ಲಿಷರು ಅಲ್ಲಿ ನೆಲೆಯೂರಿ, ತಮಿಳರ ಬಾಯಿಂದ ‘ಕರಿ’ಯನ್ನು ನೇರವಾಗಿ ಕೇಳತೊಡಗಿದರು.

ಕುಮ್ಮು ಕರಿ

ತುಂಗಾತೀರ ಅಕ್ಕ, ‘ಊಟದ ಎಲೆಯ ಮೇಲೆ ಬಡಿಸುವ ಯಾವುದಕ್ಕೂ ಆ ಹೆಸರಿಲ್ಲ’ ಎಂದಿರಲ್ಲ, ಒಮ್ಮೆ ಕೊಡಗಿಗೆ ಬನ್ನಿ. ನಮ್ಮಲ್ಲಿ ಪಂದಿ ಕರಿ, ಕೋಳಿ ಕರಿ, ಮಳೆಗಾಲದಲ್ಲಿ ಬೈಂಬಳೆ (ಕಳಲೆ) ಕರಿ, ಗುಡುಗಿನ ಮರುದಿನ ಕಾಡಿನಲ್ಲಿ ಅಣಬೆ ಸಿಕ್ಕರೆ ಕುಮ್ಮು ಕರಿ. ಇದು ಇಂಗ್ಲಿಷ್ ತೋಟದ ದೊರೆಗಳಿಂದ ಕಲಿತ ಪದ ಎಂದು ಕೆಲವರು ತಿಳಿದಿದ್ದಾರೆ. ಅಲ್ಲ. ಕೊಡವ ತಕ್ಕಿನಲ್ಲಿ ಅದು ಮನೆಯ ಮಾತು. ನನ್ನ ಅಜ್ಜಿಗೆ ಇಂಗ್ಲಿಷಿನ ಗಂಧವೂ ಇರಲಿಲ್ಲ. ಮಾಂಸಕ್ಕೆ ಹಾಕುವ ಕಪ್ಪು ಹುಳಿರಸ ಕಾಚಂಪುಳಿಯ ಬಾಟಲಿ ತೆಗೆದಿಟ್ಟು ‘ಕರಿ’ ಎಂದೇ ಹೇಳುತ್ತಿದ್ದರು. ನಮ್ಮ ಪಂದಿ ಕರಿ ತೆಳ್ಳಗಿನ ರಸವಲ್ಲ ಎಂಬುದನ್ನೂ ಹೇಳಬೇಕು. ಮಸಾಲೆ ಮಾಂಸಕ್ಕೆ ಅಂಟಿಕೊಂಡು ಕಪ್ಪಾಗಬೇಕು. ಕಡಂಬುಟ್ಟಿನ ಜೊತೆ ತಿನ್ನುವಾಗ ಬೆರಳು ಒದ್ದೆಯಾಗುವಷ್ಟೇ ಗೊಜ್ಜು ಇರಬೇಕು.

ಶಕಟರೇಫ

ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿ ನಿವೃತ್ತನಾದವನು ನಾನು. ಚರ್ಚೆ ‘ಲ್’ ಸುತ್ತ ಸುತ್ತುತ್ತಿದೆ. ಅದಕ್ಕಿಂತ ಮುಖ್ಯವಾದ ಅಕ್ಷರ ನಡುವಿನ ‘ರಿ’.

ತಮಿಳು ಮತ್ತು ಮಲಯಾಳದಲ್ಲಿ ಈ ಪದದಲ್ಲಿರುವುದು ಸಾಮಾನ್ಯ ‘ರ’ ಅಲ್ಲ. ಹಳಗನ್ನಡದಲ್ಲಿದ್ದ ‘ಱ’, ಅಂದರೆ ಶಕಟರೇಫ. ಆ ಭಾಷೆಗಳಲ್ಲಿ ಇಂದಿಗೂ ಬರವಣಿಗೆಯಲ್ಲಿ ಈ ಎರಡು ಬೇರೆ ಬೇರೆ. ನಮ್ಮಲ್ಲಿ ನಡುಗನ್ನಡದ ಹೊತ್ತಿಗೆ ‘ಱ’ ಕರಗಿ ‘ರ’ದಲ್ಲಿ ಬೆರೆತುಹೋಯಿತು. ‘ಅಱಿ’ ಎಂದರೆ ತಿಳಿ, ‘ಅರಿ’ ಎಂದರೆ ಕತ್ತರಿಸು. ಇಂದು ಎರಡನ್ನೂ ‘ಅರಿ’ ಎಂದೇ ಬರೆಯುತ್ತೇವೆ. ಹಾಗಾಗಿ ತುಂಗಾತೀರ ಅವರಿಗೆ ನೆನಪಾದ ಕಪ್ಪಿನ ‘ಕರಿ’ಗೂ ತಮಿಳರ ಊಟದ ‘ಕಱಿ’ಗೂ ನಂಟಿಲ್ಲ. ತಮಿಳಿನಲ್ಲಿ ಕಪ್ಪಾದದ್ದು, ಇದ್ದಿಲು ಎಂಬ ಅರ್ಥದ ‘ಕರಿ’ಗೆ ಸಾಮಾನ್ಯ ‘ರ’. ಊಟದ ‘ಕಱಿ’ಯ ಬೇರು, ಕಚ್ಚಿ ತಿನ್ನು, ಅಗಿ ಎಂಬ ಧಾತು.

ಕಚ್ಚಿ ತಿನ್ನುವುದು ಎಂದಮೇಲೆ ಅದು ಮೂಲದಲ್ಲಿ ರಸವಾಗಿರಲು ಸಾಧ್ಯವಿಲ್ಲ. ತಮಿಳಿನಲ್ಲಿ ತರಕಾರಿಗೆ ‘ಕಾಯ್ಕಱಿ’ ಎನ್ನುತ್ತಾರೆ, ಮಲಯಾಳದಲ್ಲಿ ‘ಪಚ್ಚಕ್ಕಱಿ’. ತಮಿಳುನಾಡಿನ ಬಹಳ ಮನೆಗಳಲ್ಲಿ ಬರೀ ‘ಕಱಿ’ ಎಂದರೆ ಮಾಂಸ. ಅಲ್ಲಿನ ಬ್ರಾಹ್ಮಣರ ಮನೆಗಳಲ್ಲಿ ಅದೇ ಪದಕ್ಕೆ ಒಣ ಪಲ್ಯ ಎಂದರ್ಥ. ಕುಮ್ಮು ಕರಿಯವರು ಹೇಳಿದ ಗಟ್ಟಿ ಪಂದಿ ಕರಿಯೂ ಈ ಹಳೆಯ ಅರ್ಥಕ್ಕೇ ಹತ್ತಿರ. ‘ಕರ್ರಿ ಎಂದರೆ ಸಾಸ್’ ಎಂಬ ಇಂಗ್ಲಿಷ್ ವಿವರಣೆ ಪದದ ಒಂದು ಅಂಚನ್ನು ಮಾತ್ರ ಮುಟ್ಟುತ್ತದೆ.

ಇನ್ನೂ ಹಿಂದೆ ಹೋದರೆ ಅಚ್ಚರಿಯ ಸಂಗತಿಯೊಂದಿದೆ. ಸಂಗಮ ಕಾಲದ ತಮಿಳಿನಲ್ಲಿ ‘ಕಱಿ’ ಎಂದರೆ ಕಾಳುಮೆಣಸು. ಆ ಕಾಲದ ಪದ್ಯಗಳ ಸಂಕಲನ ಅಕನಾನೂರಿನ 149ನೆಯ ಪದ್ಯದಲ್ಲಿ ಕೇರಳ ತೀರದ ಬಂದರು ಮುಸಿರಿ ಪಟ್ಟಣದ ವರ್ಣನೆ ಬರುತ್ತದೆ. ಯವನರ, ಅಂದರೆ ಗ್ರೀಕ್-ರೋಮನ್ ವರ್ತಕರ, ಚೆಂದದ ಹಡಗುಗಳು ಹೊನ್ನಿನೊಡನೆ ಬಂದು ‘ಕಱಿ’ಯೊಡನೆ ಹಿಂದಿರುಗುತ್ತವೆ. ಸಾರನ್ನು ತುಂಬಿಕೊಂಡಲ್ಲ, ಮೆಣಸಿನ ಮೂಟೆಗಳೊಡನೆ. ಒಣಮೆಣಸಿನಕಾಯಿ ಆಗ ನಮ್ಮ ನೆಲದಲ್ಲೇ ಇರಲಿಲ್ಲ. ಅದು ಅಮೆರಿಕ ಖಂಡದ ಬೆಳೆ, ಪೋರ್ಚುಗೀಸರ ಕಾಲದಲ್ಲಿ ಬಂದದ್ದು. ನಮ್ಮ ಭಾಷೆ ಆ ಕ್ರಮವನ್ನು ಇಂದಿಗೂ ನೆನಪಿಟ್ಟುಕೊಂಡಿದೆ: ಮೊದಲು ಬಂದದ್ದು ‘ಮೆಣಸು’, ಆಮೇಲೆ ಬಂದದ್ದು ‘ಮೆಣಸಿನಕಾಯಿ’. ತುಳುವಿನಲ್ಲಂತೂ ಹೊಸದಕ್ಕೆ ‘ಮುಂಚಿ’ ಎಂದು, ಹಳೆಯದನ್ನು ‘ಎಡ್ಡೆ ಮುಂಚಿ’, ಅಂದರೆ ಒಳ್ಳೆಯ ಮೆಣಸು ಎಂದು ಕರೆಯುತ್ತಾರೆ.

ಕಡಲತಡಿ

ಗುರುಗಳೇ, ಹಾಗಾದರೆ ಕರಿಬೇವು? ಕಪ್ಪು ಬೇವೋ, ಕರಿಗೆ ಹಾಕುವ ಬೇವೋ?

ಶಕಟರೇಫ

ಒಳ್ಳೆಯ ಪ್ರಶ್ನೆ. ಮಲಯಾಳದ ‘ಕಱಿವೇಪ್ಪ್’ನಲ್ಲಿ ಸ್ಪಷ್ಟವಾಗಿ ‘ಱ’ ಇದೆ, ಅಂದರೆ ಕರಿಗೆ ಹಾಕುವ ಬೇವು. ತಮಿಳಿನಲ್ಲಿ ಎರಡೂ ರೂಪಗಳು ಬಳಕೆಯಲ್ಲಿವೆ. ಒಂದರಲ್ಲಿ ‘ಕಱಿ’, ಇನ್ನೊಂದರಲ್ಲಿ ‘ಕರು’, ಎಂದರೆ ಕಪ್ಪು. ಕನ್ನಡದಲ್ಲಿ ಎರಡು ರಕಾರಗಳೂ ಒಂದಾಗಿರುವುದರಿಂದ ಅಕ್ಷರ ನೋಡಿ ತೀರ್ಮಾನಿಸಲಾಗದು. ಎಲೆಯನ್ನು ಬೇವಿನ ಎಲೆಯ ಪಕ್ಕದಲ್ಲಿಟ್ಟು ನೋಡಿದರೆ ಕರಿಬೇವೇ ಹೆಚ್ಚು ಕಪ್ಪು. ಆದ್ದರಿಂದ ಕನ್ನಡಿಗರ ಕಿವಿಗೆ ‘ಕಪ್ಪು ಬೇವು’ ಎಂಬ ಅರ್ಥವೇ ಕೇಳಿಸುತ್ತದೆ, ನನಗೂ ಹಾಗೆಯೇ. ಇಂಗ್ಲಿಷಿನವರು ಮಾತ್ರ ‘ಕರ್ರಿ ಎಲೆ’ ಎಂದು ಒಂದೇ ಅರ್ಥ ಹಿಡಿದರು. ಅಂಗಡಿಯ ಕರ್ರಿ ಪುಡಿಯನ್ನು ಆ ಎಲೆಯಿಂದ ಮಾಡುತ್ತಾರೆ ಎಂದು ಅಲ್ಲಿ ಕೆಲವರು ನಂಬಿರುವುದೂ ಅದರಿಂದಲೇ.

ಬೆಳಗಾವಿ ಕುಂದಾ

ಕಡಾಯಿಯಲ್ಲಿ ಮಾಡುವುದರಿಂದ ಕರ್ರಿ ಎಂದಾಯಿತು, ಅಥವಾ ಮಜ್ಜಿಗೆಯ ‘ಕಢಿ’ಯಿಂದ ಬಂತು ಎಂದು ಉತ್ತರದ ಗೆಳೆಯರು ಹೇಳುತ್ತಾರೆ. ಅದಕ್ಕೇನು ಉತ್ತರ?

ಹಳೆಹೊತ್ತಗೆ

ಯುರೋಪಿನವರು ಪದವನ್ನು ಬರೆದಿಟ್ಟದ್ದು ಗೋವೆ ಮತ್ತು ಮಲಬಾರಿನ ತೀರದಲ್ಲಿ, ಉತ್ತರದ ಅಡುಗೆಮನೆಗಳಲ್ಲಿ ಅಲ್ಲ. ಓರ್ಟಾ, ಲಿನ್‌ಸ್ಕೋಟನ್, ದೆಲ್ಲಾ ವಾಲೆ ಮೂವರೂ ಅನ್ನದ ಜೊತೆ ಬಡಿಸುವ ತೆಂಗು, ಮೀನು, ಮಾಂಸದ ಮಾತಾಡುತ್ತಾರೆ. ಬಾಣಲೆಯ ಹೆಸರೂ ಮಜ್ಜಿಗೆಯ ಹೆಸರೂ ಅಲ್ಲಿಲ್ಲ. ಅನ್ನದ ಜೊತೆಗಿನದಕ್ಕೆ ‘ಕಱಿ’ ಎನ್ನುವ ಮಲಯಾಳ ಅದೇ ತೀರದಲ್ಲಿರುವಾಗ ಅಷ್ಟು ದೂರ ಹೋಗಬೇಕಿಲ್ಲ.

ಇದೇ ತೀರದಿಂದ ಪೋರ್ಚುಗೀಸರ ಕೈಹಿಡಿದು ಇಂಗ್ಲಿಷಿಗೆ ಹೋದ ಪದಗಳನ್ನು ಸಾಲಾಗಿ ನಿಲ್ಲಿಸಿ ನೋಡಿ: ಮಾವಿನ ‘ಮ್ಯಾಂಗೊ’, ಹಲಸಿನ ‘ಜ್ಯಾಕ್’, ವೀಳ್ಯದೆಲೆಯ ‘ಬೀಟಲ್’, ಅಡಿಕೆಯ ‘ಅರೀಕ’, ಕೊಬ್ಬರಿಯ ‘ಕೊಪ್ರ’, ತೇಗದ ‘ಟೀಕ್’. ಮಲಯಾಳದ ‘ಅಡಕ್ಕ’, ‘ಕೊಪ್ಪರ’, ‘ತೇಕ್ಕ್’ಗಳು ನಮ್ಮ ಅಡಿಕೆ, ಕೊಬ್ಬರಿ, ತೇಗಗಳ ಒಡಹುಟ್ಟುಗಳು. ಕರ್ರಿ ಆ ಸಾಲಿನಲ್ಲಿ ಹೊಂದಿಕೊಂಡು ನಿಲ್ಲುತ್ತದೆ.

ಸಾರಿನಪುಡಿ

ಒಪ್ಪಿದೆ, ನನ್ನ 1390ರ ವಾದವನ್ನು ಹಿಂದೆ ತೆಗೆದುಕೊಳ್ಳುತ್ತೇನೆ. ಕುದುರೆಯ ಮೈಯುಜ್ಜುವುದಕ್ಕೂ ಇಂಗ್ಲಿಷಿನಲ್ಲಿ ‘ಕರ್ರಿ’ ಎನ್ನುತ್ತಾರಲ್ಲ, ಅದೂ ಬೇರೆಯೇ?

ಹಳೆಹೊತ್ತಗೆ

ಬೇರೆಯೇ. ಅಣಿಗೊಳಿಸು ಎಂಬ ಅರ್ಥದ ಹಳೆಯ ಫ್ರೆಂಚ್ ಕ್ರಿಯಾಪದದಿಂದ ಬಂದದ್ದು. ಚರ್ಮ ಹದಮಾಡುವುದಕ್ಕೂ ಅದೇ ಪದ. ಓಲೈಸುವುದಕ್ಕೆ ಇಂಗ್ಲಿಷಿನಲ್ಲಿ ಬಳಸುವ ‘ಕರ್ರಿ ಫೇವರ್’ ಕೂಡ ಫೊವೆಲ್ ಎಂಬ ಕುದುರೆಯ ಫ್ರೆಂಚ್ ಕಥೆಗೆ ಸೇರಿದ್ದು. ಅಡುಗೆಗೆ ಸಂಬಂಧವಿಲ್ಲ.

ತುಂಗಾತೀರ

ಇಷ್ಟು ಉತ್ತರಗಳು ಬರುತ್ತವೆ ಎಂದು ನಾನು ಎಣಿಸಿರಲಿಲ್ಲ. ಎಲ್ಲರಿಗೂ ಕೃತಜ್ಞತೆಗಳು. ನಾನೂ ಸುಮ್ಮನೆ ಕೂರದೆ ಇಲ್ಲಿನ ಗ್ರಂಥಾಲಯಕ್ಕೆ ಹೋಗಿ ಬಂದೆ.

ಹ್ಯಾನಾ ಗ್ಲಾಸ್ ಎಂಬಾಕೆ 1747ರಲ್ಲಿ ಬರೆದ ಅಡುಗೆ ಪುಸ್ತಕದಲ್ಲಿ ‘ಇಂಡಿಯಾ ರೀತಿಯ ಕರ್ರಿ’ ಮಾಡುವ ವಿಧಾನ ಇದೆ. ಕೋಳಿ ಅಥವಾ ಮೊಲದ ಮಾಂಸ, ಮೂರು ನಾಲ್ಕು ಸಣ್ಣ ಈರುಳ್ಳಿ, ಮೂವತ್ತು ಕಾಳುಮೆಣಸು, ಒಂದು ದೊಡ್ಡ ಚಮಚ ಅಕ್ಕಿ. ಕೊತ್ತಂಬರಿ ಬೀಜವನ್ನು ಶುಚಿಯಾದ ಸಲಿಕೆಯ ಮೇಲೆ ಹಾಕಿ ಬೆಂಕಿಯಲ್ಲಿ ಹುರಿದು ಪುಡಿ ಮಾಡಬೇಕು. ಉಪ್ಪು, ನೀರು ಹಾಕಿ ಬೇಯಿಸಿ, ಕೊನೆಗೆ ಒಂದು ಉಂಡೆ ಬೆಣ್ಣೆ. ಅಷ್ಟೇ. ಅರಿಶಿನವಿಲ್ಲ, ಒಣಮೆಣಸಿನಕಾಯಿ ಇಲ್ಲ, ತೆಂಗು ಇಲ್ಲ, ಹುಳಿ ಇಲ್ಲ. ಶಕಟರೇಫ ಸರ್ ಹೇಳಿದ ಮೆಣಸಿನ ‘ಕಱಿ’ ಓದಿದ ಮೇಲೆ ಆ ಮೂವತ್ತು ಕಾಳುಗಳನ್ನು ಕಂಡಾಗ ಬಹಳ ಹೊತ್ತು ಆ ಪುಟದ ಮುಂದೆಯೇ ಕುಳಿತಿದ್ದೆ. ಕೊತ್ತಂಬರಿ ಹುರಿದು ಪುಡಿ ಮಾಡುವ ಕ್ರಮವನ್ನಂತೂ ಯಾರೋ ನಮ್ಮವರ ಒಲೆಯ ಪಕ್ಕ ನಿಂತು ನೋಡಿಯೇ ಅವರಿಗೆ ಹೇಳಿರಬೇಕು.

1784ರ ಹೊತ್ತಿಗೆ ಲಂಡನ್ನಿನ ಪಿಕಾಡಿಲಿಯ ಸುಗಂಧ ದ್ರವ್ಯದ ಅಂಗಡಿಯೊಂದು ಸಿದ್ಧ ಕರ್ರಿ ಪುಡಿಯನ್ನು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಮಾರುತ್ತಿತ್ತು. 1810ರಲ್ಲಿ ಪಟ್ನಾ ಮೂಲದ ದೀನ್ ಮಹಮ್ಮದ್ ಲಂಡನ್ನಿನಲ್ಲಿ ಹಿಂದೂಸ್ತಾನಿ ಊಟದ ಮನೆ ತೆರೆದರು. ನನಗೆ ಅನಿಸಿದ್ದು ಇಷ್ಟು: ಪದವನ್ನು ಕೆಡಿಸಿದ್ದು ಆ ಪುಡಿ. ನಮ್ಮಲ್ಲಿ ಸಾರಿನ ಪುಡಿ ಬೇರೆ, ಹುಳಿಯ ಪುಡಿ ಬೇರೆ, ಪಲ್ಯದ ಪುಡಿ ಬೇರೆ, ಗೊಜ್ಜಿಗೆ ಎಳ್ಳು ಹುರಿಯುವುದೇ ಬೇರೆ. ಒಂದೇ ಡಬ್ಬಿಯ ಪುಡಿಯಿಂದ ಎಲ್ಲವನ್ನೂ ಮಾಡಬಹುದು ಎಂದಾದ ದಿನ ಎಲ್ಲದಕ್ಕೂ ಒಂದೇ ಹೆಸರು ಸಾಕಾಯಿತು.

ಯೊಕೊಹಾಮ ಕನ್ನಡಿಗ

ಜಪಾನಿನಲ್ಲಿ ಇದು ‘ಕರೇ’. ಮೇಜಿ ಕಾಲದಲ್ಲಿ, ಅಂದರೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ಭಾರತದಿಂದಲ್ಲ, ಬ್ರಿಟನ್ನಿನ ಪುಡಿಯ ರೂಪದಲ್ಲಿ ಬಂತು. ಹಿಟ್ಟು ಹುರಿದು ಮಂದ ಮಾಡುತ್ತಾರೆ. ಇಲ್ಲಿನ ನೌಕಾಪಡೆಯಲ್ಲಿ ಶುಕ್ರವಾರ ಕರೇ ಊಟದ ದಿನ. ನನ್ನ ಮಗನಿಗೆ ಅದು ಪ್ರಾಣ, ನಾನು ಮಾಡುವ ಬಸ್ಸಾರಿಗೂ ಅದಕ್ಕೂ ಸಂಬಂಧ ಇದೆ ಎಂದರೆ ನಂಬುವುದೇ ಇಲ್ಲ.

ಹೋಟೆಲ್ ಮಾಣಿ

ಎಲ್ಲರೂ ದೊಡ್ಡವರು, ಓದಿಕೊಂಡವರು. ನಾನು ಹದಿನೇಳನೆಯ ವಯಸ್ಸಿನಲ್ಲಿ ಕುಂದಾಪುರ ಬಿಟ್ಟು ಬೊಂಬಾಯಿಯಲ್ಲಿ ಟೇಬಲ್ ಒರೆಸಿದವನು, ಈಗ ದುಬೈಯಲ್ಲಿ ಸಣ್ಣ ಊಟದ ಮನೆ ನಡೆಸುತ್ತೇನೆ. ‘ಗಸಿ’ ಎಂದು ಬರೆದರೆ ಹೊಸ ಗಿರಾಕಿ ಓದಿ ಮುಂದೆ ಹೋಗುತ್ತಾನೆ. ‘ಮಂಗಳೂರು ಕೋಳಿ ಕರ್ರಿ’ ಎಂದು ಬರೆದರೆ ಕುಳಿತು ತಿನ್ನುತ್ತಾನೆ. ತಿಂದವನು ಎರಡನೆಯ ಸಲ ಬಂದಾಗ ‘ಆ ಗಸಿ ಕೊಡಿ’ ಎಂದು ತಾನೇ ಕೇಳುತ್ತಾನೆ. ಕರ್ರಿ ಪದದ ಮೇಲೆ ಕೋಪ ಬೇಡ ಎಂದು ನನ್ನ ವಿನಂತಿ. ನನ್ನ ಇಬ್ಬರು ಮಕ್ಕಳ ಶಾಲೆಯ ಶುಲ್ಕ ಆ ಪದದಿಂದ ಬಂದಿದೆ.

ಕುಮ್ಮು ಕರಿ

ಅಣ್ಣಾ, ನಿಮ್ಮ ದುಡಿಮೆಗೆ ನಮಸ್ಕಾರ. ನನ್ನ ಸಂಕಟ ಬೇರೆ. ಹೊರಗಿನವರು ಕರ್ರಿ ಎನ್ನಲಿ, ಬೇಸರವಿಲ್ಲ. ಮೈಸೂರಿನಲ್ಲಿ ಓದುತ್ತಿರುವ ನನ್ನ ಅಕ್ಕನ ಮಗಳು ಮೊನ್ನೆ ಹಾಸ್ಟೆಲಿನ ಊಟದ ಬಗ್ಗೆ ಹೇಳುವಾಗ ‘ಏನೋ ಒಂದು ಕರ್ರಿ ಇತ್ತು’ ಎಂದಳು. ಅದು ಮಸ್ಸೊಪ್ಪೋ, ಸಾಗುವೋ, ಹುಳಿಯೋ ಎಂದು ಕೇಳಿದರೆ ಹೇಳಲು ಅವಳಿಗೆ ತಿಳಿಯಲಿಲ್ಲ. ಪದ ಹೋದರೆ ನಾಲಿಗೆ ವ್ಯತ್ಯಾಸ ಮಾಡುವುದನ್ನೂ ಬಿಡುತ್ತದೆ ಎಂಬ ಭಯ ನನಗೆ.

ಶಕಟರೇಫ

ಮೂಲ ಪ್ರಶ್ನೆಗೆ ಇನ್ನೂ ಉತ್ತರ ಕೊಟ್ಟಿಲ್ಲ: ‘ಕರ್ರಿ ಎಂದರೆ ನಿಮ್ಮ ಭಾಷೆಯಲ್ಲಿ ಏನು?’

ಹಾಬ್ಸನ್-ಜಾಬ್ಸನ್ ಕೋಶದವರು ಪದದ ಮೂಲ ಹೇಳುವ ಮೊದಲು ಒಂದು ಒಳ್ಳೆಯ ವಿವರಣೆ ಕೊಟ್ಟಿದ್ದಾರೆ. ಪೂರ್ವದೇಶಗಳಲ್ಲಿ ಊಟದ ಮುಖ್ಯ ಭಾಗ ಧಾನ್ಯ. ಬರೀ ಅನ್ನಕ್ಕೆ ರುಚಿ ಕಡಿಮೆ. ಅದಕ್ಕೆ ರುಚಿ ಕೂಡಿಸಲು ಸ್ವಲ್ಪವೇ ಹಾಕಿಕೊಳ್ಳುವ ಪದಾರ್ಥ ಕರ್ರಿ, ಅದೇ ಅದರ ನಿಜವಾದ ಕೆಲಸ. ಈ ವಿವರಣೆಯನ್ನು ಓದಿದ ಯಾವ ಕನ್ನಡಿಗನಿಗೂ ಒಂದು ಪದ ನೆನಪಾಗಲೇಬೇಕು: ಮೇಲೋಗರ. ಓಗರ ಎಂದರೆ ಅನ್ನ. ಅದರ ಮೇಲೆ ಬರುವುದು ಮೇಲೋಗರ. ಹುಳಿ, ಸಾರು, ಪಲ್ಯ, ಗೊಜ್ಜು, ಎಲ್ಲವೂ ಅದರೊಳಗೆ ಸೇರುತ್ತವೆ, ಹೆಸರನ್ನೂ ಕಳೆದುಕೊಳ್ಳುವುದಿಲ್ಲ. ಉಡುಪಿಯ ಕಡೆ ಕೆಲವು ಮನೆಗಳಲ್ಲಿ ಅದು ಒಂದು ನಿರ್ದಿಷ್ಟ ಅಡುಗೆಯ ಹೆಸರೂ ಹೌದು. ನಮ್ಮ ತಾಯಿ ಬೆಳಗ್ಗೆ ಕೇಳುತ್ತಿದ್ದುದು, ‘ಇವತ್ತು ಮೇಲೋಗರಕ್ಕೆ ಏನು?’ ಎಂದೇ.

ತಮಿಳರ ‘ಕಾಯ್ಕಱಿ’ಯನ್ನು ನಮ್ಮ ‘ಕಾಯಿಪಲ್ಲೆ’ಯ ಪಕ್ಕದಲ್ಲಿಟ್ಟು ನೋಡಿ. ಅವರು ‘ಕಱಿ’ ಎಂದ ಜಾಗದಲ್ಲಿ ನಾವು ‘ಪಲ್ಯ’ ಎಂದಿದ್ದೇವೆ. ಪದ ಬೇರೆ, ಊಟದ ಎಲೆಯ ಮೇಲಿನ ಜಾಗ ಒಂದೇ.

ಹೋಟೆಲ್ ಮಾಣಿ

ಮೇಲೋಗರ! ಎಷ್ಟು ವರ್ಷಗಳಾದವು ಈ ಪದ ಕೇಳಿ. ನಮ್ಮ ಮನೆಯಲ್ಲಿ ಹಲಸಿನ ಬೀಜದ ಮೇಲೋಗರ ಮಾಡುತ್ತಿದ್ದರು.

ತುಂಗಾತೀರ

ಯುಗಾದಿ ಊಟ ನಿನ್ನೆ ಮುಗಿಯಿತು. ಎಪ್ಪತ್ತು ಜನ ಬಂದಿದ್ದರು. ಮೇಜಿನ ಮೇಲೆ ದೊಡ್ಡ ಹಲಗೆಯೊಂದನ್ನು ನಿಲ್ಲಿಸಿ ಕನ್ನಡದಲ್ಲಿ ‘ಮೇಲೋಗರ’ ಎಂದೂ, ಕೆಳಗೆ ಇಂಗ್ಲಿಷಿನಲ್ಲಿ ‘ಅನ್ನದ ಮೇಲೆ ಬರುವುದು, ನೀವು ಕರ್ರಿ ಎನ್ನುವುದು’ ಎಂದೂ ಬರೆದೆ. ಪಾತ್ರೆಗಳ ಮುಂದಿನ ಚೀಟಿಗಳು ಹೀಗಿದ್ದವು. ಹುಳಿ: ತೊಗರಿಬೇಳೆ, ನುಗ್ಗೆಕಾಯಿ, ಹುಣಸೆ. ಪಲ್ಯ: ಹುರುಳಿಕಾಯಿ, ಕಾಯಿತುರಿ, ರಸವಿಲ್ಲ. ಗೊಜ್ಜು: ಅನಾನಸ್, ಎಳ್ಳು, ಬೆಲ್ಲ. ಮಜ್ಜಿಗೆಹುಳಿ: ಬೂದುಗುಂಬಳ, ಹುಳಿ ಮಜ್ಜಿಗೆ. ಒಂದರಲ್ಲೂ ಕರ್ರಿ ಎಂದು ಬರೆಯಲಿಲ್ಲ, ಹೋಟೆಲ್ ಮಾಣಿ ಅಣ್ಣ ಹೇಳಿದಂತೆ ಹಲಗೆಯ ಮೇಲೆ ಒಮ್ಮೆ ಮಾತ್ರ ಬರೆದೆ.

ಪಕ್ಕದ ಮನೆಯ ಹಿರಿಯರು ಹಲಗೆಯನ್ನು ಎರಡು ಸಲ ಓದಿ, ನೇರವಾಗಿ ಮಜ್ಜಿಗೆಹುಳಿಯ ಪಾತ್ರೆಯ ಹತ್ತಿರ ಹೋದರು. ‘ಹುಳಿ’ ಎಂದು ಹೇಳಲು ‘ಳ’ ಅವರಿಗೆ ಹೊರಳಲಿಲ್ಲ, ‘ಹುಲಿ’ ಆಯಿತು. ನಾಲ್ಕನೆಯ ಪ್ರಯತ್ನದಲ್ಲಿ ಬಂತು. ಎರಡನೆಯ ಸಲ ಬಡಿಸಿಕೊಳ್ಳುವಾಗ ಚೀಟಿ ನೋಡದೆಯೇ ಕೇಳಿದರು.